‘ನೀವೇ ಕಿತ್ತು ತಿನ್ನಿ’ ಬೋರ್ಡ್ ನಂಬಿ ಸ್ಟ್ರಾಬೆರಿ ತೋಟಕ್ಕೆ ಹೊರಟವರಿಗೆ

ಮಕ್ಕಳನ್ನು ಕರೆದುಕೊಂಡು ಸ್ಟ್ರಾಬೆರಿ ತೋಟಕ್ಕೆ ಹೋಗುವ ಯೋಚನೆ ಇದ್ದರೆ, ಟಿಕೆಟ್ ತಗೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳಿ. ಇವತ್ತು ಗಿಡದಲ್ಲಿ ಹಣ್ಣು ಇದೆಯಾ? ಕೊನೆಯ ಸಲ ಔಷಧಿ ಹೊಡೆದದ್ದು ಯಾವಾಗ? ಎರಡನೆಯದಕ್ಕೆ ನೆಟ್ಟಗೆ ಉತ್ತರ ಬರದಿದ್ದರೆ ಗೇಟಿನಿಂದಲೇ ಗಾಡಿ ತಿರುಗಿಸಿ. ಮಕ್ಕಳು ಅತ್ತರೆ ದಾರಿಯಲ್ಲಿ ಐಸ್‌ಕ್ರೀಂ ಕೊಡಿಸಿದರಾಯಿತು.

ನಾವು ಹೋಗಿದ್ದು ಜನವರಿಯ ಒಂದು ಭಾನುವಾರ, ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗೆ. ತೋಟದ ಹೆಸರು ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಿದ್ದೇವೆ, ಅದು ಒಂದು ದಡ ಮುಟ್ಟಲಿ. ನಾನು, ನಮ್ಮ ಮನೆಯವರು, ಅತ್ತೆ, ಇಬ್ಬರು ಮಕ್ಕಳು ಹೋಗಿದ್ದೆವು. ಮೊಬೈಲ್‌ನಲ್ಲಿ ಅವರ ರೀಲ್ ನೋಡಿದ್ದಾಗಿನಿಂದ ಮಗಳು ಬಿಟ್ಟಿರಲಿಲ್ಲ. ರೀಲ್‌ನಲ್ಲಿ ಗಿಡಕ್ಕೆ ಗೊಂಚಲು ಗೊಂಚಲು ಕೆಂಪು ಹಣ್ಣು.

ಸೀಸನ್ ಏನೋ ಸರಿಯಾಗಿಯೇ ಇತ್ತು. ಮಳೆ ಕಡಿಮೆಯಾದ ಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಸಿ ನೆಟ್ಟರೆ ಡಿಸೆಂಬರ್ ಹೊತ್ತಿಗೆ ಹಣ್ಣು ಶುರುವಾಗುತ್ತದೆ, ಬಿಸಿಲು ಏರಿದ ಹಾಗೆ ಕಡಿಮೆಯಾಗುತ್ತದೆ. ಜುಲೈನಲ್ಲಿ, ಆಗುಂಬೆ ಮಳೆಯಲ್ಲಿ, ಯಾರಾದರೂ ಹಣ್ಣು ಕೀಳಲು ಬನ್ನಿ ಅಂತ ಕರೆದರೆ ಅದು ಬೇರೆಯೇ ಕತೆ.

ದೊಡ್ಡವರಿಗೆ 150, ಮಕ್ಕಳಿಗೆ 100 ರೂಪಾಯಿ. ಫೋನ್‌ಪೇ ಮಾಡಿದ್ದು ತೋಟದ ಖಾತೆಗಲ್ಲ, ಯಾರದೋ ಸ್ವಂತ ನಂಬರಿಗೆ. ಬಿಲ್ ಕೇಳಿದರೆ ಕೈಗೆ ಒಂದು ಸೀಲ್ ಒತ್ತಿದರು. ಒಳಗೆ ಹೋದರೆ ಮಲ್ಚಿಂಗ್ ಶೀಟ್ (ಮಣ್ಣು ಮುಚ್ಚುವ ಪ್ಲಾಸ್ಟಿಕ್ ಹಾಳೆ) ಹಾಸಿದ ಸಾಲುಗಳು, ಮಧ್ಯೆ ಹೃದಯದ ಆಕಾರದ ಕಮಾನು, ಉಯ್ಯಾಲೆ, ಫೋಟೋ ತೆಗೆಯಲು ದೊಡ್ಡದೊಂದು ಪ್ಲಾಸ್ಟಿಕ್ ಸ್ಟ್ರಾಬೆರಿ. ಗಿಡದಲ್ಲಿ ಹೂವು ಇತ್ತು, ಬಟಾಣಿ ಗಾತ್ರದ ಹಸಿರು ಕಾಯಿ ಇತ್ತು. ಹಣ್ಣು ಇರಲಿಲ್ಲ.

“ಈಗ್ತಾನೆ ಬೆಂಗಳೂರಿನವರ ಟಿಟಿ ಬಂದಿತ್ತು ಸಾರ್, ಎಲ್ಲ ಕಿತ್ಕೊಂಡು ಹೋದ್ರು. ಅಲ್ಲಿ ಡಬ್ಬಿ ಇದೆ, ನಮ್ ತೋಟದ್ದೇ, ತಗೊಳ್ಳಿ” ಅಂದರು ಮಾಲೀಕರು.

ಡಬ್ಬಿ 200 ಗ್ರಾಂ, 150 ರೂಪಾಯಿ. ಒಂದು ತಗೊಂಡು ಮುಚ್ಚಳ ತೆಗೆದೆ. ಹಣ್ಣಿನ ತಳದಲ್ಲಿ ಮಡಚಿ ಹಾಕಿದ್ದ ಪೇಪರ್ ಮರಾಠಿಯದು. ಹಣ್ಣಿನ ತೊಟ್ಟಿನ ಹತ್ತಿರ ಬಿಳಿ ಬಿಳಿ, ಮೇಲಿನ ಎಲೆ ಒಣಗಿ ಮುರುಟಿಕೊಂಡಿತ್ತು. ಸ್ಟ್ರಾಬೆರಿ ಮಾವಿನ ಹಾಗಲ್ಲ, ಕಿತ್ತ ಮೇಲೆ ಹಣ್ಣಾಗುವುದಿಲ್ಲ. ದೂರ ಸಾಗಿಸುವವರು ಕೊಳೆಯಬಾರದು ಅಂತ ಸ್ವಲ್ಪ ಮೊದಲೇ ಕೀಳುತ್ತಾರೆ, ಆ ಬಿಳಿ ಬಹುಶಃ ಅದಕ್ಕೇ. ನಮ್ಮ ದೇಶದ ಸ್ಟ್ರಾಬೆರಿಯಲ್ಲಿ ಹೆಚ್ಚಿನ ಪಾಲು ಬರುವುದು ಮಹಾಬಲೇಶ್ವರದ ಕಡೆಯಿಂದ. ಅಲ್ಲಿಯ ಹಣ್ಣಿಗೆ 2010ರಲ್ಲಿ ಜಿಐ, ಅಂದರೆ ಆ ಊರಿನದೇ ವಿಶೇಷ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಒಳ್ಳೆಯ ಹಣ್ಣೇ. ಅದನ್ನೇ ತಂದು ‘ನಮ್ ತೋಟದ್ದೇ’ ಅಂತ ಮಾರುವುದು ಯಾವ ನ್ಯಾಯ? ಮನೆಗೆ ಬಂದು ತೂಗಿದರೆ ಡಬ್ಬಿ ಬಿಟ್ಟು 160 ಗ್ರಾಂ ಇತ್ತು.

ಇಷ್ಟೇ ಆಗಿದ್ದರೆ ದುಡ್ಡು ಹೋಯ್ತು ಅಂತ ಬೈದುಕೊಂಡು ಸುಮ್ಮನಾಗುತ್ತಿದ್ದೆವು. ಬರೆಯುವ ಕಷ್ಟವನ್ನೂ ತಗೊಳ್ಳುತ್ತಿರಲಿಲ್ಲ.

ಮಕ್ಕಳ ಮುಖ ನೋಡಿ ಮಾಲೀಕರಿಗೆ ಏನನ್ನಿಸಿತೋ, “ಕೆಳಗಡೆ ಸಾಲಲ್ಲಿ ನೋಡಿ, ಒಂದೊಂದು ಸಿಗಬಹುದು” ಅಂದರು. ಇಬ್ಬರೂ ಓಡಿದರು. ನಿಜವಾಗಿಯೂ ಅಲ್ಲಿ ಹಣ್ಣಿತ್ತು, ಚೆನ್ನಾಗಿ ಕೆಂಪಾದದ್ದೇ. ಪಕ್ಕದಲ್ಲೇ ಬೋರ್ಡ್: ‘ಸಾವಯವ, ತೊಳೆಯದೆ ತಿನ್ನಬಹುದು’. ತಿಂದರು. ಮಗ ಐದಾರು ತಿಂದಿರಬೇಕು.

ಹಿಂದೆ ನಿಧಾನಕ್ಕೆ ಬಂದ ಅತ್ತೆ ಮೂಗು ಅರಳಿಸಿ ನಿಂತರು. ಅವರು ಅಡಿಕೆ ತೋಟದಲ್ಲೇ ಬೆಳೆದವರು. “ಅಲ್ಲ ಮಾರಾಯ್ತಿ, ಇಲ್ಲಿ ಔಷಧಿ ಹೊಡ್ದಿದಾರಲ್ಲೆ! ಮಕ್ಕಳಿಗೆ ಉಗುಳೋಕೆ ಹೇಳು.” ಬಗ್ಗಿ ನೋಡಿದರೆ ಎಲೆಯ ಮೇಲೆ ಹನಿ ಒಣಗಿದ ಬಿಳಿ ಚುಕ್ಕೆಗಳು. ಸಾಲಿನ ತುದಿಯಲ್ಲಿ ಬೆನ್ನಿಗೆ ಹಾಕುವ ಪಂಪ್, ಅದರ ಬುಡದಲ್ಲಿ ಖಾಲಿ ಬಾಟಲಿ. ಲೇಬಲ್ ಮೇಲೆ ಹಳದಿ ತ್ರಿಕೋನ.

ಈ ತ್ರಿಕೋನದ ವಿಷಯ ಎಲ್ಲರಿಗೂ ಗೊತ್ತಿರಬೇಕು. ನಮ್ಮಲ್ಲಿ ಮಾರುವ ಪ್ರತಿ ಕೀಟನಾಶಕದ ಮೇಲೂ ಬಣ್ಣದ ಗುರುತು ಇರುತ್ತದೆ. ಕೆಂಪು ಅಂದರೆ ವಿಪರೀತ ವಿಷ, ಹಳದಿ ಅಂದರೆ ಹೆಚ್ಚು ವಿಷ, ಆಮೇಲೆ ನೀಲಿ, ಕೊನೆಗೆ ಹಸಿರು. ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅನ್ನುವುದನ್ನೂ ಜೊತೆಗೆ ಕೊಡುವ ಚೀಟಿಯಲ್ಲಿ ಬೆಳೆವಾರು ಮುದ್ರಿಸಿರುತ್ತಾರೆ. ಹಾಗಾಗಿ ಬೆಳೆಗಾರನಿಗೆ ಗೊತ್ತಿರಲಿಲ್ಲ ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಕೆಲಸದ ಹುಡುಗ ಸುಳ್ಳು ಹೇಳಲಿಲ್ಲ ಪಾಪ. “ನಿನ್ನೆ ಸಂಜೆ ಹೊಡೆದಿದ್ದು ಅಕ್ಕಾ, ನುಸಿ ಜಾಸ್ತಿ ಆಗಿತ್ತು. ಈ ಕಡೆ ಯಾರನ್ನೂ ಬಿಡ್ಬೇಡಿ ಅಂತ ನಾನು ಹೇಳಿದ್ದೆ.” ಅವನ ಮೂಗಿಗೂ ಒಂದು ಬಟ್ಟೆ ಇರಲಿಲ್ಲ. ಮಾಲೀಕರನ್ನು ಕೇಳಿದರೆ “ಅದು ಬೇವಿನೆಣ್ಣೆ ಮೇಡಂ, ಆರ್ಗ್ಯಾನಿಕ್” ಅಂದರು. ಬಾಟಲಿ ತೋರಿಸಿದ ಕೂಡಲೇ ದನಿ ಬದಲಾಯಿತು. “ಅದು ಅಡಿಕೆಗೆ ತಂದಿದ್ದು.” ಅಡಿಕೆಗೆ ತಂದದ್ದು ಸ್ಟ್ರಾಬೆರಿ ಸಾಲಿನಲ್ಲಿ ಏಕೆ ಬಿದ್ದಿದೆ ಅಂತ ಕೇಳಿದರೆ ಫೋನ್ ಬಂತು ಅಂತ ಎದ್ದು ಹೋದರು.

ವಾಪಸ್ ಬರುವಾಗ ಕಾರಿನಲ್ಲೇ ಮಗನಿಗೆ ವಾಂತಿ. ತುಟಿಯ ಸುತ್ತ ಕೆಂಪಾಗಿ ಗುಳ್ಳೆ ಎದ್ದಿತ್ತು. ಅತ್ತೆ ಉಪ್ಪುನೀರು ಕುಡಿಸಿ ಇನ್ನಷ್ಟು ವಾಂತಿ ಮಾಡಿಸೋಣ ಅಂದರು. ನಮ್ಮ ಮನೆಯವರು ಬೇಡ ಅಂತ ತಡೆದು ಸೀದಾ ಆಸ್ಪತ್ರೆಗೆ ಗಾಡಿ ಬಿಟ್ಟರು. ಅದೇ ಸರಿ, ಹಾಗೆ ಮನೆಯಲ್ಲಿ ವಾಂತಿ ಮಾಡಿಸಬಾರದು ಅಂತ ಡಾಕ್ಟರ್ ಹೇಳಿದರು. ಅವರು ಮೊದಲು ಕೇಳಿದ್ದು “ಯಾವ ಔಷಧಿ?” ಅಂತ. ಬಾಟಲಿಯ ಫೋಟೋ ಇದ್ದದ್ದು ಆಗ ಉಪಯೋಗಕ್ಕೆ ಬಂತು. ಇಂಥ ಕಡೆ ಜಗಳ ಆಮೇಲೆ, ಮೊದಲು ಲೇಬಲ್ ಫೋಟೋ. ಗಾಡಿ ಇಲ್ಲದಿದ್ದರೆ 108.

ಸಂಜೆಯವರೆಗೆ ಇಟ್ಟುಕೊಂಡು ನೋಡಿ ಕಳುಹಿಸಿದರು. ಮಗ ಆರಾಮಾಗಿದ್ದಾನೆ. ಔಷಧಿಯಿಂದಲೇ ಹೀಗಾಯಿತು ಅಂತ ಡಾಕ್ಟರ್ ಖಚಿತವಾಗಿ ಹೇಳಲಿಲ್ಲ. ಕೆಲವರಿಗೆ ಸ್ಟ್ರಾಬೆರಿಯೇ ಅಲರ್ಜಿ ಆಗುತ್ತದಂತೆ, ಅದೂ ಇರಬಹುದು ಅಂದರು. ಇರಲಿ. ಹಿಂದಿನ ಸಂಜೆ ವಿಷ ಹೊಡೆದ ಸಾಲಿಗೆ ಮಕ್ಕಳನ್ನು ಕಳುಹಿಸಿದ್ದು ಅದರಿಂದ ಸರಿಯಾಗುವುದಿಲ್ಲವಲ್ಲ.

ಸ್ಟ್ರಾಬೆರಿಗೆ ಔಷಧಿ ಹೊಡೆಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನುಸಿ, ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಕೀಟ, ಬೂದು ಬೂಸ್ಟು ಎಲ್ಲವೂ ಮುತ್ತುವ ಬೆಳೆ ಅದು. ಆದರೆ ಬಾಳೆ, ಕಿತ್ತಳೆ ಹಾಗೆ ಸಿಪ್ಪೆ ತೆಗೆದು ತಿನ್ನುವ ಹಣ್ಣಲ್ಲ. ಬೀಜವೆಲ್ಲ ಹೊರಗಡೆಯೇ, ಮೈಯೆಲ್ಲ ಗುಳಿ, ಹೊಡೆದದ್ದು ಅಲ್ಲೇ ಕೂರುತ್ತದೆ. ತೊಳೆದರೆ ಮೇಲಿನದು ಸ್ವಲ್ಪ ಹೋಗುತ್ತದೆ, ಗಿಡದ ಒಳಗೆ ಇಳಿಯುವ ಔಷಧಿಯಾದರೆ ತೊಳೆದೂ ಪ್ರಯೋಜನವಿಲ್ಲ. ಪ್ರವಾಸಿಗರನ್ನು ಕರೆಯುವವರು ಒಂದೊಂದು ಭಾಗಕ್ಕೆ ಬೇರೆ ಬೇರೆ ದಿನ ಹೊಡೆದು, ಆ ಭಾಗಕ್ಕೆ ಹಗ್ಗ ಕಟ್ಟಿ, ದಿನಾಂಕ ಬರೆದು ತೂಗುಹಾಕಬಹುದು. ಹತ್ತು ರೂಪಾಯಿ ಖರ್ಚಿಲ್ಲದ ಕೆಲಸ.

ಇನ್ನೊಂದು ವಿಷಯ. ಅದೇ ಟಿಕೆಟ್‌ನಲ್ಲಿ ‘ಜಂಗಲ್ ವಾಕ್’ ಕೂಡ ಇತ್ತು. ತೋಟದ ಹಿಂದಿನ ಕಾಡಿನಲ್ಲಿ ತರಗೆಲೆ ತುಳಿದುಕೊಂಡು ಒಂದು ಸುತ್ತು. ನಮ್ಮ ಮುಂದೆಯೇ ಚಡ್ಡಿ, ಚಪ್ಪಲಿ ಹಾಕಿದ ಚಿಕ್ಕ ಮಕ್ಕಳು ಹೋದರು. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ, ಅಂದರೆ ಸ್ಟ್ರಾಬೆರಿಯ ಕಾಲವೂ ಅದೇ. 1957ರಲ್ಲಿ ಈ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಇದರಿಂದ ಸಾಗರದ ಅರಳಗೋಡಿನವರು ಪಟ್ಟ ಪಾಡು ಜಿಲ್ಲೆಯವರು ಯಾರೂ ಮರೆತಿಲ್ಲ. ಉಣುಗು, ಅಂದರೆ ಮೈಗೆ ಅಂಟಿಕೊಂಡು ರಕ್ತ ಹೀರುವ ಸಣ್ಣ ಹುಳ, ಕಚ್ಚಿ ಬರುವ ಜ್ವರ ಅದು. ಊರಿನವರಿಗೆ ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೊಡುತ್ತಾರೆ. ಬೆಂಗಳೂರು, ಹುಬ್ಬಳ್ಳಿಯಿಂದ ಬಂದವರಿಗೆ ಉಣುಗು ಅಂದರೇನು ಅಂತಲೂ ಗೊತ್ತಿರುವುದಿಲ್ಲ. ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಹೋಗಲೇಬೇಕು ಅಂದರೆ ತುಂಬು ತೋಳು, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಮನೆಗೆ ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಆಮೇಲೆ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಎಲ್ಲ ತೋಟವೂ ಹೀಗೇ ಅನ್ನುವುದು ಅನ್ಯಾಯ. ಕಷ್ಟಪಟ್ಟು ಬೆಳೆಯುವವರು ಇದ್ದಾರೆ. ಫೋನ್ ಮಾಡಿದರೆ “ಈ ವಾರ ಹಣ್ಣಿಲ್ಲ, ಮುಂದಿನ ವಾರ ಬನ್ನಿ” ಅಂತ ಹೇಳುವವರು ಸಿಕ್ಕಿದರೆ ಅಲ್ಲಿಗೇ ಹೋಗಿ. ಇವತ್ತಿನ ಸಾಲಿನ ಒಂದು ವಿಡಿಯೋ ಕಳಿಸಿ ಅಂತ ಕೇಳಿ, ರೀಲ್ ಅಲ್ಲ. ದುಡ್ಡು ಕೊಟ್ಟಲ್ಲಿ ಬಿಲ್ ಕೇಳಿ. ಕೊಡದಿದ್ದರೂ ಯುಪಿಐ ಸ್ಕ್ರೀನ್‌ಶಾಟ್, ಬೋರ್ಡಿನ ಫೋಟೋ, ರೀಲ್‌ನ ಲಿಂಕ್ ಇಟ್ಟುಕೊಳ್ಳಿ. ನಾವು ಇವನ್ನೇ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆವು.

ಸ್ವಲ್ಪ ದಿನದಲ್ಲೇ ತೋಟದವರ ಕಡೆಯಿಂದ ಫೋನ್ ಬಂತು. ದೂರು ವಾಪಸ್ ತಗೊಂಡರೆ ಮುಂದಿನ ಸೀಸನ್‌ಗೆ ಇಡೀ ಫ್ಯಾಮಿಲಿಗೆ ಎಂಟ್ರಿ ಫ್ರೀಯಂತೆ, ಜಂಗಲ್ ವಾಕ್ ಸಮೇತ. ದೂರು ಹಾಗೇ ಇದೆ.