ರಾಯಚೂರಿನಲ್ಲಿ ‘30 ಎಕ್ಸ್’ ಎಂದು ಮಾರುವ ಅಗಲವಾದ ಭೂತಗನ್ನಡಿಗೆ ದುಡ್ಡು ಸುರಿಯಬೇಡಿ

ಮೆಣಸಿನಕಾಯಿ ಬೆಳೆಯುವವರೆಲ್ಲರೂ ದಯವಿಟ್ಟು ಇದನ್ನು ಓದಿ. ಎಲೆ ಮೇಲ್ಮುಖವಾಗಿ ಮುದುಡಿದರೆ ಥ್ರಿಪ್ಸ್ ಕೀಟ, ಕೆಳಮುಖವಾಗಿ ಮುದುಡಿದರೆ ಮೈಟ್ ನುಸಿ ಎಂಬುದು ನಿಮಗೆ ಗೊತ್ತೇ ಇದೆ. ಎರಡೂ ಒಟ್ಟಿಗೆ ಬಿದ್ದಾಗ ಮಾತ್ರ ಕಣ್ಣಾರೆ ನೋಡದೆ ಔಷಧ ಹೊಡೆಯುವಂತಿಲ್ಲ. ಥ್ರಿಪ್ಸ್ ಸುಮಾರು 1 ಮಿ.ಮೀ. ಇರುವುದರಿಂದ ಬರಿಗಣ್ಣಿಗೂ ಸಿಗುತ್ತದೆ, ಆದರೆ ಮೈಟ್ ನುಸಿ 0.2 ಮಿ.ಮೀ. ಆಸುಪಾಸಿನದು. ಅದಕ್ಕೆಂದೇ ರಾಯಚೂರಿನ ಅಂಗಡಿಯೊಂದರಲ್ಲಿ, ಹಿಡಿಯ ಮೇಲೆ ‘30 ಎಕ್ಸ್’ ಎಂದು ಅಚ್ಚೊತ್ತಿದ್ದ, 6 ಸೆಂ.ಮೀ. ಅಗಲದ ಭೂತಗನ್ನಡಿಗೆ 850 ರೂಪಾಯಿ ಕೊಟ್ಟೆ.

ಪಕ್ಕದ ಹೊಲದವರನ್ನು ಕರೆದು ಎಲೆಯ ಹಿಂಬದಿ ತೋರಿಸಲು ಹೋದರೆ ಎಲೆಯ ನರಗಳು ತುಸು ದಪ್ಪಗೆ ಕಂಡವು, ಅಷ್ಟೇ. “ಮೂವತ್ತು ಪಟ್ಟು ಅಂದಿ, ಎಲ್ಲೈತಿ ನುಸಿ?” ಎಂದು ಅವರು ಕೇಳಿದಾಗ ನನಗಾದ ಅವಮಾನ ಇನ್ನೂ ಆರಿಲ್ಲ.

ಹತ್ತನೇ ತರಗತಿಯ ಮಗಳು ಅದನ್ನು ಬಿಸಿಲಿಗೆ ಹಿಡಿದು, ಬೆಳಕು ಕಾಗದದ ಮೇಲೆ ಚುಕ್ಕೆಯಾಗಿ ನಿಂತ ದೂರವನ್ನು ಅಳೆದಳು: 10 ಸೆಂ.ಮೀ. ಅದೇ ಸಂಗಮ ದೂರ. ಸ್ಪಷ್ಟ ದೃಷ್ಟಿಯ ಕನಿಷ್ಠ ದೂರವಾದ 25 ಸೆಂ.ಮೀ.ಯನ್ನು ಅದರಿಂದ ಭಾಗಿಸಿದರೆ ಎರಡೂವರೆ ಪಟ್ಟು, ಕಣ್ಣಿಗೆ ಒತ್ತಿ ಹಿಡಿದು ನೋಡಿದರೂ ಅದಕ್ಕೆ ಒಂದು ಸೇರಿ ಮೂರೂವರೆ ಪಟ್ಟು. ಮೂವತ್ತು ಎಲ್ಲಿ, ಮೂರೂವರೆ ಎಲ್ಲಿ!

ಮರಳಿ ಒಯ್ದಾಗ ಅಂಗಡಿಯವನು ಹೇಳಿದ್ದು ಕೇಳಿ: “ಗಾಜು ದೊಡ್ಡದಿದ್ದಷ್ಟೂ ದೊಡ್ಡದು ಕಾಣತೈತ್ರಿ ಅಣ್ಣಾರ.” ಲೆಕ್ಕ ತೋರಿಸಿದರೆ, “ಲೆಕ್ಕ ಸಾಲ್ಯಾಗ ಇಟ್ಕೋರಿ, ಇದು ಕಂಪನಿ ಮಾಲು.” ಹಣ ಕೇಳಿದರೆ, “ಮೊದಲು ಕಣ್ಣು ತೋರಿಸ್ಕೋರಿ.” ನಾಲ್ಕು ಜನ ಗಿರಾಕಿಗಳ ಎದುರು ನನ್ನ ಕಣ್ಣಿಗೇ ದೋಷ ಹೊರಿಸಿದ!

ಅವನ ಮಾತು ಪೂರ್ತಿ ತಲೆಕೆಳಗು. ಸಂಗಮ ದೂರ ಕಡಿಮೆಯಾದಷ್ಟೂ ಹಿಗ್ಗಿಸುವ ಶಕ್ತಿ ಹೆಚ್ಚು. ಸಂಗಮ ದೂರ ಕಡಿಮೆಯಾಗಬೇಕಾದರೆ ಗಾಜು ಹೆಚ್ಚು ಉಬ್ಬಿರಬೇಕು, ಅಷ್ಟು ಉಬ್ಬಿದ ಗಾಜು ಚಿಕ್ಕದಾಗಿಯೇ ಇರಬೇಕು. ಮೂವತ್ತು ಪಟ್ಟಿಗೆ ಸಂಗಮ ದೂರ ಸುಮಾರು 8 ಮಿ.ಮೀ. ಇರಬೇಕಾಗುತ್ತದೆ. 6 ಸೆಂ.ಮೀ. ಅಗಲದ ಸಾಮಾನ್ಯ ಗಾಜನ್ನು ಪೂರ್ತಿ ಗುಂಡಾಗಿ ಮಾಡಿದರೂ ಸಂಗಮ ದೂರ ನಾಲ್ಕೂವರೆ ಸೆಂ.ಮೀ.ಗಿಂತ ಇಳಿಯುವುದಿಲ್ಲ, ಅಂದರೆ ಆರೇಳು ಪಟ್ಟು ದಾಟುವುದಿಲ್ಲ. ಹಾಗಾಗಿ ಅಂಗೈಯಗಲದ ಒಂಟಿ ಗಾಜಿನ ಮೇಲೆ ‘30 ಎಕ್ಸ್’ ಎಂದು ಬರೆದಿದ್ದರೆ ಅದು ಸುಳ್ಳು, ಅಂಗಡಿಯವರು ಏನೇ ಹೇಳಲಿ.

ಹಣ ಕೊಡುವ ಮುನ್ನ ಹೊರಗಿನ ಬೀದಿಯ ಬಿಂಬವನ್ನು ಆ ಗಾಜಿನಿಂದ ಅಂಗಡಿಯ ಗೋಡೆಯ ಮೇಲೆ ಬೀಳಿಸಿ, ಅದು ಸ್ಪಷ್ಟವಾಗುವ ದೂರವನ್ನು ಸ್ಕೇಲಿನಿಂದ ಅಳೆಯಿರಿ. ಹತ್ತು ಪಟ್ಟಿನದಾದರೆ ಅದು ಎರಡೂವರೆ ಸೆಂ.ಮೀ. ಇರಬೇಕು. ಅಳೆಯಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.