ಸ್ಯಾನ್ ಫ್ರಾನ್ಸಿಸ್ಕೊ, ನಾಪಾ, ಯೊಸೆಮಿಟಿ ಸುತ್ತಲು ಹೊರಟ ದಂಪತಿಗಳಿಗೆ: ಬಾಡಿಗೆ ಕಾರನ್ನು ನಂಬಬೇಡಿ

ಅಮೆರಿಕದಲ್ಲಿ ಎಚ್-1ಬಿ (ಕೆಲಸದ), ಎಚ್-4 (ಅವರ ಸಂಗಾತಿಯ) ವೀಸಾಗಳ ಮೇಲೆ ನೆಲೆಸಿರುವ ಕನ್ನಡಿಗ ದಂಪತಿಗಳು ರಜೆ ಸಿಕ್ಕಾಗ ಮೊದಲು ಯೋಚಿಸುವ ಪ್ರವಾಸಗಳಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಈ ಸುತ್ತೂ ಒಂದು. ವಿಮಾನ ನಿಲ್ದಾಣದಲ್ಲಿ ಕಾರನ್ನು ಬಾಡಿಗೆಗೆ ಪಡೆದು, ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ನೋಡಿ, ನಾಪಾ ಕಣಿವೆಯ ದ್ರಾಕ್ಷಿ ತೋಟಗಳನ್ನು ಹಾದು, ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ಚಾರಣ ಮಾಡಿ, ಕಾರನ್ನು ಮರಳಿ ಒಪ್ಪಿಸಿ ಮನೆಗೆ ಹೊರಡುವ ಯೋಜನೆ ಕಾಗದದ ಮೇಲೆ ಬಹಳ ಸಲೀಸಾಗಿ ಕಾಣುತ್ತದೆ. 2025ರ ಮೇ ತಿಂಗಳಲ್ಲಿ ಇದೇ ಯೋಜನೆಯಂತೆ ಡಲ್ಲಾಸ್‌ನಿಂದ ಹೋದ ನಾನು ಮತ್ತು ನನ್ನ ಪತಿ ಇಬ್ಬರೂ ಪಾಸ್‌ಪೋರ್ಟ್ ಕಳೆದುಕೊಂಡೆವು. ಅದರ ಪರಿಣಾಮ ಪ್ರವಾಸದೊಂದಿಗೆ ಮುಗಿಯದೆ, ಮರುವರ್ಷದ ಜನವರಿಯಲ್ಲಿ ಶಿವಮೊಗ್ಗದಲ್ಲಿ ನಡೆದ ನಮ್ಮ ಮಾವನವರ ಷಷ್ಟ್ಯಬ್ದಿಗೆ ಮಗ ಸೊಸೆ ಇಬ್ಬರೂ ಹೋಗದಂತೆ ಮಾಡಿತು. ಇದೇ ದಾರಿ ಹಿಡಿಯಲಿರುವವರು ಹೊರಡುವ ಮೊದಲೇ ಓದಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ವೇಳಾಪಟ್ಟಿಯನ್ನು ಹಣ ಪಡೆದು ಸಿದ್ಧಪಡಿಸಿಕೊಟ್ಟವರು ಪ್ರವಾಸ ಯೋಜನೆಯನ್ನೇ ವೃತ್ತಿಯಾಗಿ ಮಾಡಿಕೊಂಡವರು. ನಗರದಲ್ಲಿನ ಕೊನೆಯ ಬೆಳಗಿಗೆ ಅವರು ಬರೆದುಕೊಟ್ಟದ್ದು ಇಷ್ಟು: ಹೋಟೆಲಿನಿಂದ ಚೆಕ್‌ಔಟ್ ಮಾಡಿ, ಲಗೇಜನ್ನು ಡಿಕ್ಕಿಯಲ್ಲಿಟ್ಟು, ಪ್ಯಾಲೆಸ್ ಆಫ್ ಫೈನ್ ಆರ್ಟ್ಸ್ ನೋಡಿಕೊಂಡು, ಗೋಲ್ಡನ್ ಗೇಟ್ ಸೇತುವೆ ದಾಟಿ ನಾಪಾಕ್ಕೆ ಹೊರಡುವುದು. ಮೂಲ ಪಾಸ್‌ಪೋರ್ಟ್ ಮತ್ತು ವಲಸೆ ದಾಖಲೆಗಳು ಪ್ರವಾಸದುದ್ದಕ್ಕೂ ಜೊತೆಗಿರಲಿ ಎಂಬ ಸೂಚನೆಯೂ ಅದೇ ಕಾಗದದಲ್ಲಿತ್ತು. 1915ರ ಅಂತರರಾಷ್ಟ್ರೀಯ ಪ್ರದರ್ಶನಕ್ಕೆಂದು ಕಟ್ಟಿದ ಆ ಕಂಬಸಾಲು ಮತ್ತು ಅದರ ಮುಂದಿನ ಕೊಳ ಸುಂದರವಾಗಿವೆ ಎನ್ನುವುದರಲ್ಲಿ ಅನುಮಾನವಿಲ್ಲ. ನಾವು ಅವುಗಳನ್ನು ನೋಡಿ ಬರುವಷ್ಟರಲ್ಲಿ ಕಾರಿನ ಹಿಂಬದಿಯ ಚಿಕ್ಕ ತ್ರಿಕೋನಾಕಾರದ ಗಾಜು ಇರಲಿಲ್ಲ. ನಾಲ್ಕೂ ಬಾಗಿಲುಗಳು ನಾವು ಹಾಕಿದ ಹಾಗೆಯೇ ಬೀಗ ಹಾಕಿಕೊಂಡಿದ್ದವು. ಆ ಕಿಂಡಿಯಿಂದ ಕೈ ತೂರಿಸಿ, ಹಿಂದಿನ ಸೀಟಿನ ಬೆನ್ನನ್ನು ಮುಂದಕ್ಕೆ ಮಡಚಿ, ಡಿಕ್ಕಿಯಲ್ಲಿದ್ದುದನ್ನೆಲ್ಲ ಒಳಗಿನಿಂದಲೇ ಎಳೆದುಕೊಂಡಿದ್ದರು. ಸೀಟಿನ ತುಂಬ ಕಲ್ಲುಸಕ್ಕರೆಯಂತೆ ಗಾಜಿನ ಹರಳುಗಳು ಬಿದ್ದಿದ್ದವು. ಚಕ್ಕುಲಿಯ ಡಬ್ಬಿಯೊಂದನ್ನು ಮಾತ್ರ ತೆರೆದು ನೋಡಿ ಅಲ್ಲೇ ಬಿಟ್ಟಿದ್ದರು. ಬಗ್ಗಿ ನೋಡಿದಾಗ ಪಾದಚಾರಿ ಮಾರ್ಗದ ಅಂಚಿನಲ್ಲಿ ನಮ್ಮದಲ್ಲದ, ಗಾಲಿಗಳಡಿ ಸಿಕ್ಕಿ ಪುಡಿಯಾಗಿ ಮಣ್ಣು ಹಿಡಿದ ಇನ್ನೊಂದಿಷ್ಟು ಹರಳುಗಳೂ ಕಂಡವು. ಅದೇ ಜಾಗದಲ್ಲಿ ನಮಗಿಂತ ಮೊದಲೂ ಯಾರದೋ ಗಾಜು ಒಡೆದಿತ್ತು.

ಇದು ಆ ನಗರಕ್ಕೆ ಹೊಸದೇನಲ್ಲ. 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಾರಿನ ಗಾಜು ಒಡೆದು ಕದ್ದ 30,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. ಇತ್ತೀಚಿನ ವರ್ಷಗಳಲ್ಲಿ ಈ ಸಂಖ್ಯೆ ಬಹಳ ಇಳಿದಿದೆ ಎನ್ನುವುದು ನಿಜ, ಆದರೆ ಇಳಿದಿರುವುದಕ್ಕೂ ಇಲ್ಲವಾಗಿರುವುದಕ್ಕೂ ಇರುವ ವ್ಯತ್ಯಾಸವನ್ನು ಪ್ರವಾಸಿಗರು ಮರೆಯಬಾರದು. ಫಿಶರ್‌ಮನ್ಸ್ ವಾರ್ಫ್, ಅಲಾಮೊ ಸ್ಕ್ವೇರ್, ಟ್ವಿನ್ ಪೀಕ್ಸ್, ಅಂದರೆ ಎಲ್ಲ ಪ್ರವಾಸಿಗರೂ ಕಾರು ನಿಲ್ಲಿಸಿ ಫೋಟೊ ತೆಗೆದುಕೊಳ್ಳುವ ಜಾಗಗಳೇ ಕಳ್ಳರಿಗೂ ಅಚ್ಚುಮೆಚ್ಚು. ಬಾಡಿಗೆ ಕಾರನ್ನು ಗಾಜಿನ ಮೇಲಿನ ಬಾರ್‌ಕೋಡ್ ಚೀಟಿಯಿಂದಲೇ ಗುರುತಿಸಬಹುದು. ಬೆಲೆಬಾಳುವ ವಸ್ತು ಕಣ್ಣಿಗೆ ಬೀಳದಂತೆ ಡಿಕ್ಕಿಯಲ್ಲಿಡಿ ಎಂಬ ಮಾಮೂಲಿ ಸಲಹೆಗೆ ಇಲ್ಲಿ ಅರ್ಥವಿಲ್ಲ, ಏಕೆಂದರೆ ಮಡಚುವ ಸೀಟಿರುವ ಕಾರಿನಲ್ಲಿ ಡಿಕ್ಕಿ ಎನ್ನುವುದು ಬೇರೆ ಕೋಣೆಯೇ ಅಲ್ಲ.

ಪಾಸ್‌ಪೋರ್ಟನ್ನು ಪ್ರವಾಸಕ್ಕೆ ಒಯ್ಯುವ ಅಗತ್ಯವಾದರೂ ಏನಿತ್ತು ಎಂದು ಅನೇಕರು ಕೇಳಿದರು. ಹದಿನೆಂಟು ತುಂಬಿದ ವಿದೇಶಿಯರು ತಮ್ಮ ನೋಂದಣಿಯ ಪುರಾವೆಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕು ಎಂಬ ಕಾನೂನು ಅಮೆರಿಕದಲ್ಲಿ ಬಹಳ ಹಿಂದಿನಿಂದ ಇದೆ. 2025ರಲ್ಲಿ ಅದನ್ನು ಬಿಗಿಯಾಗಿ ಜಾರಿ ಮಾಡುವುದಾಗಿ ಸರ್ಕಾರ ಹೇಳಿದ ಮೇಲೆ ನಮ್ಮವರಲ್ಲಿ ಹುಟ್ಟಿದ ಆತಂಕಕ್ಕೆ ಮಿತಿಯಿಲ್ಲ, ಆ ಆತಂಕದಲ್ಲಿ ಮನೆಯ ಬೀರುವಿನಲ್ಲಿರಬೇಕಾದ ಕಾಗದಗಳೆಲ್ಲ ಸೂಟ್‌ಕೇಸಿಗೆ ಬಂದವು. ವಾಸ್ತವದಲ್ಲಿ, ನಮ್ಮಂಥವರಿಗೆ ಆ ಪುರಾವೆ ಎಂದರೆ ಐ-94, ಅಂದರೆ ದೇಶದೊಳಗೆ ಬಂದುದರ ದಾಖಲೆ. ಅದನ್ನು ಸರ್ಕಾರದ ಅಧಿಕೃತ ತಾಣದಿಂದ ಎಷ್ಟು ಸಲ ಬೇಕಾದರೂ ಉಚಿತವಾಗಿ ಮುದ್ರಿಸಿಕೊಳ್ಳಬಹುದು. 2025ರ ಮೇ 7ರಿಂದ ದೇಶದೊಳಗಿನ ವಿಮಾನಯಾನಕ್ಕೆ ರಿಯಲ್ ಐಡಿ (ಫೆಡರಲ್ ಮಾನದಂಡಕ್ಕೆ ಹೊಂದುವ ಗುರುತಿನ ಚೀಟಿ) ಕಡ್ಡಾಯವಾಗಿದೆಯಾದರೂ, ನಮ್ಮ ಚಾಲನಾ ಪರವಾನಗಿಯ ಮೂಲೆಯಲ್ಲಿ ನಕ್ಷತ್ರದ ಗುರುತಿದ್ದರೆ ಅದೇ ಸಾಕು. ಆದ್ದರಿಂದ ಜೇಬಿನಲ್ಲಿ ಪರವಾನಗಿ ಮತ್ತು ಐ-94ರ ಮುದ್ರಿತ ಪ್ರತಿ, ಫೋನಿನಲ್ಲಿ ಪಾಸ್‌ಪೋರ್ಟ್, ವೀಸಾ ಹಾಗೂ ಐ-797 ಅನುಮೋದನಾ ಪತ್ರದ ಸ್ಕ್ಯಾನ್ ಪ್ರತಿಗಳು ಇರಲಿ, ಮೂಲಗಳು ಮನೆಯಲ್ಲೇ ಇರಲಿ. ನಿಮ್ಮ ಪರವಾನಗಿ ರಿಯಲ್ ಐಡಿ ಅಲ್ಲದೆ ಪಾಸ್‌ಪೋರ್ಟ್ ಒಯ್ಯಲೇಬೇಕಾಗಿ ಬಂದರೆ ಅದನ್ನು ಮೈಮೇಲೆ ಧರಿಸುವ ಚೀಲದಲ್ಲಿಡಿ, ಕಾರಿನಲ್ಲಿ ಮಾತ್ರ ಒಂದು ನಿಮಿಷವೂ ಬಿಡಬೇಡಿ.

ಕಳ್ಳತನವಾದ ಮೇಲೆ ನಡೆಯುವುದನ್ನೂ ತಿಳಿದಿರುವುದು ಒಳ್ಳೆಯದು. ಕಳ್ಳರನ್ನು ಕಣ್ಣಾರೆ ಕಂಡಿಲ್ಲದಿದ್ದರೆ ಪೊಲೀಸರು ಸಾಮಾನ್ಯವಾಗಿ ಸ್ಥಳಕ್ಕೆ ಬರುವುದಿಲ್ಲ, ಆನ್‌ಲೈನ್‌ನಲ್ಲಿ ದೂರು ದಾಖಲಿಸಲು ಹೇಳುತ್ತಾರೆ. ಮೊದಲು ಸಿಗುವುದು ತಾತ್ಕಾಲಿಕ ಸಂಖ್ಯೆ ಮಾತ್ರ, ಪರಿಶೀಲನೆಯಾದ ಮೇಲೆ ವರದಿಯ ಪ್ರತಿ ಬರುತ್ತದೆ. ಆ ವರದಿಯಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಮತ್ತು ವೀಸಾ ವಿವರಗಳನ್ನು ಮರೆಯದೆ ಸೇರಿಸಿ, ಮುಂದಿನ ಪ್ರತಿಯೊಂದು ಕಚೇರಿಯೂ ಅದನ್ನೇ ಕೇಳುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಭಾರತೀಯ ಕಾನ್ಸುಲೇಟ್ ಇದೆಯಲ್ಲ ಎಂದು ನಾವು ಸಮಾಧಾನಪಟ್ಟುಕೊಂಡಿದ್ದೆವು. ಆದರೆ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಬೇಕಾದುದು ನಾವು ವಾಸಿಸುವ ರಾಜ್ಯ ಯಾವ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತದೋ ಅಲ್ಲಿಗೆ. ಟೆಕ್ಸಾಸಿನವರಾದ ನಮಗೆ ಅದು ಹ್ಯೂಸ್ಟನ್. ಒಮ್ಮೆ ಕಳೆದುಹೋಗಿದೆ ಎಂದು ವರದಿ ಮಾಡಿದ ಪಾಸ್‌ಪೋರ್ಟ್ ರದ್ದಾಗುತ್ತದೆ, ನಾಳೆ ಯಾರೋ ಪುಣ್ಯಾತ್ಮರು ಅದನ್ನು ಹುಡುಕಿ ತಂದುಕೊಟ್ಟರೂ ಪ್ರಯಾಣಕ್ಕೆ ಬಾರದು.

ಹೊಸ ಪಾಸ್‌ಪೋರ್ಟ್ ತಡವಾಗಿಯಾದರೂ ಕೈಗೆ ಬಂತು. ವೀಸಾ ಮುದ್ರೆಯ ಕಥೆ ಬೇರೆ. ಕಳೆದುಹೋದ ವೀಸಾ ಮುದ್ರೆಯನ್ನು ಅಮೆರಿಕದ ಒಳಗಿದ್ದುಕೊಂಡು ಮರಳಿ ಪಡೆಯಲು ಸಾಧ್ಯವಿಲ್ಲ. ಇಲ್ಲಿ ಉಳಿದು ಕೆಲಸ ಮಾಡಲು ಅಡ್ಡಿಯಿಲ್ಲ, ಹೊರಗೆ ಹೋದರೆ ಮಾತ್ರ ಅಮೆರಿಕದ ಕಾನ್ಸುಲೇಟಿನಲ್ಲಿ ಹೊಸದಾಗಿ ಅರ್ಜಿ ಹಾಕಿ ವೀಸಾ ಪಡೆದೇ ಮರಳಬೇಕು. ನಮ್ಮ ಹಳೆಯ ಮುದ್ರೆಗೆ ಇನ್ನೂ ಬೇಕಾದಷ್ಟು ಅವಧಿ ಬಾಕಿಯಿತ್ತು ಎನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚೆನ್ನೈನಲ್ಲಿ ಡಿಸೆಂಬರ್ ಕೊನೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿತ್ತು. ಆ ಹೊತ್ತಿಗೆ ಸರಿಯಾಗಿ, ಎಚ್-1ಬಿ ಮತ್ತು ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಪರಿಶೀಲನೆ ಡಿಸೆಂಬರ್ 15ರಿಂದ ಆರಂಭವಾಗಿ, ಭಾರತದಲ್ಲಿ ನಿಗದಿಯಾಗಿದ್ದ ಅಸಂಖ್ಯ ಅಪಾಯಿಂಟ್‌ಮೆಂಟ್‌ಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ನಮ್ಮದೂ ಹೋಯಿತು. ಆಗಲೇ ಊರಿಗೆ ಹೋಗಿದ್ದು ಅಲ್ಲೇ ಸಿಕ್ಕಿಬಿದ್ದವರ ಸ್ಥಿತಿ ನೋಡಿದರೆ ನಾವು ಹೊರಡದಿದ್ದುದೇ ವಾಸಿ. ಮಾವನವರ ಶಾಂತಿ, ಹೋಮಗಳನ್ನು ನಾವು ಫೋನಿನ ಪರದೆಯಲ್ಲಿ, ಇಲ್ಲಿಯ ನಡುರಾತ್ರಿಯಲ್ಲಿ ಕುಳಿತು ನೋಡಿದೆವು.

ಇಷ್ಟೆಲ್ಲ ತಪ್ಪಿಸಿಕೊಳ್ಳಲು ಮಾಡಬೇಕಾದುದು ಅಷ್ಟೇನೂ ಕಷ್ಟದ್ದಲ್ಲ. ನಗರದಲ್ಲಿ ಇರುವಷ್ಟು ಕಾಲ ಕಾರನ್ನೇ ತೆಗೆದುಕೊಳ್ಳಬೇಡಿ. ವಿಮಾನ ನಿಲ್ದಾಣದಿಂದ ಬಾರ್ಟ್ ರೈಲು ನೇರವಾಗಿ ನಗರದ ಮಧ್ಯಕ್ಕೆ ಒಯ್ಯುತ್ತದೆ, ಒಳಗೆ ಬಸ್ಸು, ಟ್ರಾಮು, ಕೇಬಲ್ ಕಾರುಗಳಿವೆ. ಆ ಕಡಿದಾದ ಬೀದಿಗಳಲ್ಲಿ ಪಾರ್ಕಿಂಗ್ ಹುಡುಕುವ ಹಿಂಸೆಯೂ, ಹೋಟೆಲು ರಾತ್ರಿಗೊಮ್ಮೆ ವಸೂಲಿ ಮಾಡುವ ಪಾರ್ಕಿಂಗ್ ಶುಲ್ಕವೂ ತಪ್ಪುತ್ತವೆ. ನಾಪಾಕ್ಕೆ ಹೊರಡುವ ಬೆಳಿಗ್ಗೆ ಕಾರು ಪಡೆದು, ಲಗೇಜು ತುಂಬಿದ ಮೇಲೆ ನಗರದಲ್ಲಿ ಎಲ್ಲಿಯೂ ನಿಲ್ಲಿಸದೆ ಹೊರಟುಬಿಡಿ.

ನಾಪಾದಲ್ಲಿ ಕಾರು ಇನ್ನೊಂದು ಬಗೆಯ ಅಪಾಯ. ನಮ್ಮ ವೇಳಾಪಟ್ಟಿಯಲ್ಲಿ ಒಂದೇ ದಿನಕ್ಕೆ ನಾಲ್ಕು ವೈನರಿಗಳಿದ್ದವು, ಅವುಗಳ ನಡುವೆ ಓಡಿಸುವವರು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಪ್ರತಿ ವೈನರಿಯಲ್ಲೂ ಹಲವು ಬಗೆಯ ವೈನನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾರೆ, ಎರಡನೆಯದು ಮುಗಿಯುವಷ್ಟರಲ್ಲಿ ಆ ಸ್ವಲ್ಪ ಎಷ್ಟಾಯಿತು ಎಂಬ ಲೆಕ್ಕ ತಪ್ಪುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ರಕ್ತದಲ್ಲಿನ ಮದ್ಯದ ಮಿತಿ 0.08 ಶೇಕಡಾ. ಅದಕ್ಕಿಂತ ಕಡಿಮೆಯಿದ್ದರೂ ಚಾಲನೆ ತೂರಾಡುತ್ತಿದ್ದರೆ ಬಂಧಿಸಬಹುದು. ಇಲ್ಲಿಯವರಿಗೆ ಅದು ದಂಡ, ವಕೀಲರ ಖರ್ಚು, ಪರವಾನಗಿ ಅಮಾನತಿನ ವಿಷಯವಾದರೆ, ವೀಸಾದ ಮೇಲಿರುವವರಿಗೆ ಅದಕ್ಕಿಂತ ದೊಡ್ಡದು: ಕುಡಿದು ವಾಹನ ಚಲಾಯಿಸಿದ ಆರೋಪದ ಮೇಲೆ ಬಂಧನವಾದರೆ ಸಾಕು, ನ್ಯಾಯಾಲಯದ ತೀರ್ಪಿಗೂ ಕಾಯದೆ ವಿದೇಶಾಂಗ ಇಲಾಖೆ ವೀಸಾವನ್ನು ರದ್ದು ಮಾಡಬಹುದು. 2015ರಿಂದ ಈ ಪದ್ಧತಿ ನಡೆದುಕೊಂಡು ಬಂದಿದೆ. ಚಾಲಕರೊಡನೆ ಬರುವ ವಾಹನವನ್ನು ಗೊತ್ತು ಮಾಡಿಕೊಳ್ಳಿ, ಇಲ್ಲವೇ ಇಬ್ಬರಲ್ಲಿ ಒಬ್ಬರು ಆ ದಿನ ಕುಡಿಯದಿರಿ. ರುಚಿ ನೋಡಿ ಉಗುಳಲು ಇಟ್ಟಿರುವ ಪಾತ್ರೆಯನ್ನು ಬಳಸಲು ಸಂಕೋಚ ಬೇಡ, ಅಲ್ಲಿ ಅದು ಯಾರಿಗೂ ಅಸಭ್ಯವಲ್ಲ. ಅರ್ಧ ಕುಡಿದು ಮತ್ತೆ ಬಿರಡೆ ಹಾಕಿದ ಬಾಟಲಿಯೂ ಕಾನೂನಿನ ಕಣ್ಣಿಗೆ ತೆರೆದ ಬಾಟಲಿಯೇ, ಅದನ್ನು ಡಿಕ್ಕಿಯಲ್ಲೇ ಸಾಗಿಸಬೇಕು. ಹೆಚ್ಚಿನ ವೈನರಿಗಳಿಗೆ ಮೊದಲೇ ಸಮಯ ಕಾಯ್ದಿರಿಸದೆ ಹೋದರೆ ಗೇಟಿನಿಂದಲೇ ಮರಳಬೇಕಾಗುತ್ತದೆ. ರುಚಿ ನೋಡುವ ಶುಲ್ಕವೂ ದುಬಾರಿ, ನನ್ನ ಅಭಿಪ್ರಾಯದಲ್ಲಿ ದಿನಕ್ಕೆ ಎರಡಕ್ಕಿಂತ ಹೆಚ್ಚು ವೈನರಿಗಳಿಗೆ ಹೋಗುವುದು ಹಣಕ್ಕೂ ನಾಲಿಗೆಗೂ ದಂಡ.

ಯೊಸೆಮಿಟಿಯಲ್ಲಿ ಕಾರು ಒಡೆಯುವವರು ಕರಡಿಗಳು. ಕತ್ತಲಾದ ಮೇಲೆ ಕಾರಿನಲ್ಲಿ ಆಹಾರವನ್ನಾಗಲಿ, ವಾಸನೆ ಬರುವ ಯಾವುದೇ ವಸ್ತುವನ್ನಾಗಲಿ ಬಿಡುವಂತಿಲ್ಲ. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಮುಚ್ಚಳ ಗಟ್ಟಿಯಾಗಿರುವ ಉಪ್ಪಿನಕಾಯಿ ಜಾಡಿ, ಕೊನೆಗೆ ಖಾಲಿ ಐಸ್ ಪೆಟ್ಟಿಗೆಯೂ ಈ ನಿಯಮಕ್ಕೆ ಒಳಪಡುತ್ತವೆ. ಎಲ್ಲವನ್ನೂ ಕೋಣೆಗೆ ಒಯ್ಯಬೇಕು ಅಥವಾ ಅಲ್ಲಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಅಗಳಿ ಹಾಕಬೇಕು. ಕಳ್ಳರು ಬೇಡವೆಂದು ಬಿಟ್ಟುಹೋಗಿದ್ದ ಚಕ್ಕುಲಿ ಡಬ್ಬಿಯನ್ನು ನಾವು ಅಲ್ಲಿ ಪ್ರತಿ ರಾತ್ರಿ ಭದ್ರಪಡಿಸಬೇಕಾಯಿತು. ಕಣಿವೆಯೊಳಗೆ ಪೆಟ್ರೋಲ್ ಸಿಗುವುದಿಲ್ಲ, ಕ್ರೇನ್ ಫ್ಲ್ಯಾಟ್, ಎಲ್ ಪೋರ್ಟಲ್, ವಾವೋನಾಗಳಲ್ಲಿ ಮಾತ್ರ ಬಂಕುಗಳಿವೆ. ಬಹುತೇಕ ಕಡೆ ಫೋನಿನ ಸಂಕೇತವಿಲ್ಲದ ಕಾರಣ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಚಳಿಗಾಲದಲ್ಲಿ ಹೋಗುವವರಿಗೆ ಇನ್ನೊಂದು ಇಕ್ಕಟ್ಟಿದೆ: ಗಾಲಿಗೆ ಕಟ್ಟುವ ಸರಪಳಿಗಳು ಕಾರಿನಲ್ಲಿರಬೇಕೆಂದು ಉದ್ಯಾನದವರು ಹೇಳುತ್ತಾರೆ, ಸರಪಳಿ ಕಟ್ಟಬಾರದೆಂದು ಹೆಚ್ಚಿನ ಬಾಡಿಗೆ ಕಂಪನಿಗಳ ಕರಾರು ಹೇಳುತ್ತದೆ. ಆ ತಿಂಗಳುಗಳಲ್ಲಿ ಮರ್ಸೆಡ್‌ನಿಂದ ಬರುವ ಯಾರ್ಟ್ಸ್ ಬಸ್ಸೇ ಲೇಸು. ಒಳಗೆ ಉಚಿತ ಷಟಲ್ ಇದೆ, ವರ್ನಲ್ ಜಲಪಾತಕ್ಕೆ ಏರುವ ಚಾರಣದ ದಾರಿಯಾದ ಮಿಸ್ಟ್ ಟ್ರೇಲ್‌ನ ಆರಂಭದವರೆಗೂ ಅದು ಬಿಡುತ್ತದೆ.

ಚಾರಣದ ಬಗ್ಗೆ ಒಂದೇ ಮಾತು. ವರ್ನಲ್ ಜಲಪಾತದ ನೆತ್ತಿಗೆ ಏರುವ 600ಕ್ಕೂ ಹೆಚ್ಚು ಕಲ್ಲು ಮೆಟ್ಟಿಲುಗಳು ಮೇ, ಜೂನ್ ತಿಂಗಳುಗಳಲ್ಲಿ ತುಂತುರಿನಿಂದ ಸದಾ ಒದ್ದೆಯಾಗಿರುತ್ತವೆ, ಹಿಡಿತವಿಲ್ಲದ ಬೂಟು ಹಾಕಿಕೊಂಡು ಹೋಗಬೇಡಿ. ಮೇಲೆ ನೀರು ಎಷ್ಟೇ ಶಾಂತವಾಗಿ ಕಂಡರೂ ಕಂಬಿ ದಾಟಬೇಡಿ. 2011ರ ಜುಲೈನಲ್ಲಿ ಹಾಗೆ ದಾಟಿದ ಮೂವರು 317 ಅಡಿ ಕೆಳಗೆ ಕೊಚ್ಚಿಹೋದರು.

ಕಾರು ಒಪ್ಪಿಸಿದ ಮೇಲೂ ಬಿಲ್ಲುಗಳು ಬರುತ್ತಲೇ ಇರುತ್ತವೆ. ಗೋಲ್ಡನ್ ಗೇಟ್ ಮತ್ತು ಬೇ ಬ್ರಿಜ್‌ಗಳಲ್ಲಿ ನಗದು ಪಡೆಯುವ ಟೋಲ್ ಕಟ್ಟೆಗಳಿಲ್ಲ, ಕ್ಯಾಮೆರಾ ನಂಬರ್ ಪ್ಲೇಟನ್ನು ಓದುತ್ತದೆ. ನೀವೇ ಆನ್‌ಲೈನ್‌ನಲ್ಲಿ ಸಕಾಲಕ್ಕೆ ಪಾವತಿಸದಿದ್ದರೆ ಬಾಡಿಗೆ ಕಂಪನಿ ಟೋಲಿನ ಮೇಲೆ ತನ್ನ ಸೇವಾ ಶುಲ್ಕವನ್ನೂ ಹೇರುತ್ತದೆ. ಒಡೆದ ಗಾಜಿಗೆ ನಮಗೆ ಬಂದ ಬಿಲ್ಲಿನಲ್ಲಿ ಗಾಜಿನ ಬೆಲೆಗಿಂತ ಹೆಚ್ಚಾಗಿದ್ದುದು ಕಾರು ರಿಪೇರಿಯಲ್ಲಿದ್ದ ದಿನಗಳ ಬಾಡಿಗೆ ನಷ್ಟ ಮತ್ತು ಆಡಳಿತ ಶುಲ್ಕ. ಕ್ರೆಡಿಟ್ ಕಾರ್ಡಿನ ಬಾಡಿಗೆ ವಿಮೆ ಕಾರಿನ ಹಾನಿಯನ್ನು ಭರಿಸುತ್ತದೆ, ಒಳಗಿದ್ದ ಸಾಮಾನುಗಳನ್ನಲ್ಲ. ಸಾಮಾನಿಗೆ ನಿಮ್ಮ ಮನೆ ಬಾಡಿಗೆಯ ವಿಮೆಯಲ್ಲಿ ಮನೆಯ ಹೊರಗಿನ ಕಳ್ಳತನವೂ ಸೇರಿದೆಯೇ ನೋಡಿ, ಕದ್ದ ವಸ್ತುಗಳ ರಸೀದಿಗಳನ್ನು ಈಮೇಲಿನಿಂದ ಹುಡುಕಿ ತೆಗೆದಿಡಿ. ಬಾಡಿಗೆ ನಷ್ಟದ ಮೊತ್ತವನ್ನು ಕೇಳಿದ ಕೂಡಲೇ ಕೊಟ್ಟುಬಿಡದೆ, ರಿಪೇರಿಯ ವಿವರವಾದ ಬಿಲ್ಲನ್ನೂ ಆ ದಿನಗಳಲ್ಲಿ ಅವರ ಬಳಿ ಬೇರೆ ಕಾರುಗಳು ಖಾಲಿ ಇರಲಿಲ್ಲ ಎಂಬುದಕ್ಕೆ ದಾಖಲೆಯನ್ನೂ ಲಿಖಿತವಾಗಿ ಕೇಳಿ. ಕಾರ್ಡಿನವರು ಕೂಡ ಅದಿಲ್ಲದೆ ಆ ಭಾಗವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಾವು ಕೇಳಿ ಪತ್ರ ಬರೆದ ಮೇಲೆ ಕಂಪನಿ ಆ ಮೊತ್ತವನ್ನು ಬಿಲ್ಲಿನಿಂದ ತೆಗೆದುಹಾಕಿತು, ಆಡಳಿತ ಶುಲ್ಕವನ್ನು ಮಾತ್ರ ಬಿಡಲಿಲ್ಲ.