ಮಾರಿಕಣಿವೆ ಭಾಷಣಕ್ಕೆ ಕೈ ಹಿಡಿದ ಶೋಧಗಂಗಾ

ಹೋದ ವರ್ಷ ಭಾಷಣ ಸ್ಪರ್ಧೆಯಲ್ಲಿ ತೀರ್ಪುಗಾರರೊಬ್ಬರು, "ಈ ಲೆಕ್ಕ ಎಲ್ಲಿ ಸಿಕ್ತಮ್ಮಾ?" ಅಂತ ಕೇಳಿದರು. ವಾಟ್ಸಾಪ್‌ನಲ್ಲಿ ಬಂದಿತ್ತು ಅನ್ನೋಕೆ ಬಾಯಿ ಬರಲಿಲ್ಲ. ಈ ಸಲ ನಮ್ಮ ಹಿರಿಯೂರಿನ ವಾಣಿ ವಿಲಾಸ ಸಾಗರ ಅಣೆಕಟ್ಟಿನ, ಅಂದರೆ ಹಳೇ ಹೆಸರಿನ ಮಾರಿಕಣಿವೆಯ ಬಗ್ಗೆ 7 ನಿಮಿಷ ಮಾತಾಡಬೇಕಿತ್ತು. ಆಧಾರ ಇಲ್ಲದ ಒಂದು ಮಾತೂ ಬೇಡ ಅಂತ ಹಟ ಹಿಡಿದೆ.

ಚಿತ್ರದುರ್ಗದ ನಮ್ಮ ಕಾಲೇಜಿನ ಲೈಬ್ರರಿ ಮೇಡಂ ಮೊದಲು ತೋರಿಸಿದ್ದು ಶೋಧಗಂಗಾ. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಅನ್ನೋ ಸಂಸ್ಥೆ ನಡೆಸುವ ತಾಣ ಇದು. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಇಲ್ಲಿವೆ. ಓದೋಕೆ ದುಡ್ಡು ಕೊಡಬೇಕಿಲ್ಲ. ಅದಕ್ಕೂ ಮುಂಚೆ ಬೇರೆ ಒಂದು ತಾಣದಲ್ಲಿ ಒಂದೇ ಲೇಖನಕ್ಕೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳಿದ್ದರು. ನಮ್ಮಂಥವರಿಗೆ ಅದು ಆಗುವ ಮಾತಲ್ಲ, ಅಲ್ವಾ?

ಹುಡುಕುವುದರಲ್ಲೇ ಇರೋದು ಗುಟ್ಟು. "ವಾಣಿ ವಿಲಾಸ ಸಾಗರ" ಅಂತ ಕನ್ನಡದಲ್ಲಿ ಹಾಕಿದೆ, ಜಾಸ್ತಿ ಏನೂ ಸಿಗಲಿಲ್ಲ. "ಹಳೇ ಹೆಸರು ಹಾಕಿ ನೋಡು" ಅಂದರು ಮೇಡಂ. ಇಂಗ್ಲಿಷ್ ಅಕ್ಷರದಲ್ಲಿ "ಮಾರಿಕಣಿವೆ", ಅಣೆಕಟ್ಟು ಕಟ್ಟಿರುವ ನದಿ "ವೇದಾವತಿ", ಚಿತ್ರದುರ್ಗಕ್ಕೆ ಬ್ರಿಟಿಷರು ಬರೆಯುತ್ತಿದ್ದ "ಚಿತಲ್‌ದ್ರುಗ್" ಅಂತೆಲ್ಲ ಹಾಕಿದೆ. ಆಗ ಜಿಲ್ಲೆಯ ನೀರಾವರಿ ಬಗ್ಗೆ ಒಂದು ಒಳ್ಳೇ ಪ್ರಬಂಧ ಸಿಕ್ಕಿತು.

ಇಲ್ಲಿ ಪ್ರಬಂಧ ಒಂದೇ ಫೈಲಿನಲ್ಲಿ ಇರೋದಿಲ್ಲ. ಮುಖಪುಟ, ಪರಿವಿಡಿ, ಒಂದೊಂದು ಅಧ್ಯಾಯ, ಎಲ್ಲ ಬೇರೆ ಬೇರೆ ಪಿಡಿಎಫ್. ನಾನು ಎಲ್ಲಕ್ಕಿಂತ ಮೊದಲು ತೆಗೆದದ್ದು ಕೊನೆಯಲ್ಲಿರುವ ಗ್ರಂಥಸೂಚಿಯ ಫೈಲು. ಯಾರೋ ವರ್ಷಗಟ್ಟಲೆ ಕೂತು ಹುಡುಕಿದ ಪುಸ್ತಕ, ವರದಿಗಳ ಪಟ್ಟಿ ನಮ್ಮ ಕೈಗೆ ಸುಮ್ನೆ ಸಿಗುತ್ತದೆ! ಅದರಲ್ಲಿದ್ದ ಜಿಲ್ಲಾ ಗೆಜೆಟಿಯರ್, ಅಂದರೆ ಜಿಲ್ಲೆಯ ವಿವರ ಇರುವ ಸರ್ಕಾರಿ ಪುಸ್ತಕ, ನಮ್ಮ ಲೈಬ್ರರಿಯ ಕಪಾಟಿನಲ್ಲೇ ಇತ್ತು. ಅಣೆಕಟ್ಟು 1907ರಲ್ಲಿ ಮುಗಿಯಿತು ಅಂತ ಧೈರ್ಯವಾಗಿ ಹೇಳುವ ಹಾಗಾಯಿತು.

ಒಂದು ವಿಷಯ ಗಮನದಲ್ಲಿರಲಿ. ಪ್ರಬಂಧ ಯಾವ ವರ್ಷದ್ದು ಅಂತ ಮೊದಲು ನೋಡಿ. ನನಗೆ ಸಿಕ್ಕಿದ್ದು ಹಳೆಯದು. 1933ರಲ್ಲಿ ಕೋಡಿ ಬಿದ್ದ ಕೆರೆ 89 ವರ್ಷ ಆದಮೇಲೆ 2022ರಲ್ಲಿ ಮತ್ತೆ ಕೋಡಿ ಬಿತ್ತಲ್ಲ, ಅದಕ್ಕೆ ಪತ್ರಿಕೆಗಳನ್ನೇ ನೋಡಬೇಕಾಯಿತು. ಆ ದಿನ ನಮ್ಮಜ್ಜ ಕೋಡಿ ನೀರಿಗೆ ಕೈಮುಗಿದು ನಿಂತಿದ್ದರು. ಭಾಷಣ ಶುರು ಮಾಡಿದ್ದು ಅಲ್ಲಿಂದಲೇ.

ಸಂಶೋಧನಾ ಪತ್ರಿಕೆಗಳಲ್ಲಿ (ಜರ್ನಲ್) ಬಂದ ಲೇಖನ ಬೇಕಾದರೆ, ಕಾಲೇಜುಗಳಿಗೆ ಅವನ್ನು ಆನ್‌ಲೈನ್‌ನಲ್ಲಿ ಒದಗಿಸುವ ಎನ್-ಲಿಸ್ಟ್ ಇದೆ. ಅದಕ್ಕೆ ಕಾಲೇಜು ಸದಸ್ಯ ಆಗಿರಬೇಕು, ಲೈಬ್ರರಿಯಲ್ಲಿ ಕೇಳಿದರೆ ಐಡಿ ಮಾಡಿಸಿ ಕೊಡುತ್ತಾರೆ. ಇಂಥದೇ ಲೇಖನಗಳ ಇನ್ನೊಂದು ತಾಣ ಜೆಸ್ಟೋರ್‌ನಲ್ಲೂ ಸ್ವಂತ ಖಾತೆ ತೆರೆದರೆ ತಿಂಗಳಿಗೆ 100 ಲೇಖನದವರೆಗೆ ಆನ್‌ಲೈನ್‌ನಲ್ಲಿ ಪುಕ್ಕಟೆ ಓದಬಹುದು.

ಬೇಕಾದ ಮಾಹಿತಿ ಸಿಕ್ಕ ಕೂಡಲೇ ಅದರ ಪುಟ ಸಂಖ್ಯೆ ಬರೆದಿಟ್ಟುಕೊಳ್ಳಿ. ಪಿಡಿಎಫ್ ತೋರಿಸುವ ಸಂಖ್ಯೆ ಅಲ್ಲ, ಹಾಳೆಯ ಮೇಲೆ ಅಚ್ಚಾಗಿರುವುದು. ನಾನು ಇದನ್ನು ಬಿಟ್ಟು, ಸ್ಪರ್ಧೆಯ ಹಿಂದಿನ ರಾತ್ರಿ ಹನ್ನೊಂದರವರೆಗೆ ಒಂದೊಂದೇ ಫೈಲು ಮತ್ತೆ ತೆಗೆದು ಕೂತಿದ್ದೆ.